ಲೋಡು ಗಾಳಿಯಲ್ಲಿರುವಾಗ

ಫೆಬ್ರವರಿ 3

ಮಗಳೇ,

ನಾನು ಕ್ಷೇಮ, ನಿನ್ನಮ್ಮ ಕ್ಷೇಮ, ಅವಳ ಬಲಮಂಡಿ ಮಾತ್ರ ಕ್ಷೇಮವಾಗಿಲ್ಲ. ಈ ಕಾಗದವನ್ನು ನಾನೇ ಕೂತು ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಮೂರನೆಯ ನಿಮಿಷಕ್ಕೆ ಜಗಳ, ನಾಲ್ಕನೆಯ ನಿಮಿಷಕ್ಕೆ ಫೋನು ನಿನ್ನಮ್ಮನ ಕೈಗೆ. ಕಾಗದವಾದರೆ ನನ್ನ ಮಾತು ಮುಗಿಯುವವರೆಗೂ ನೀನು ಸುಮ್ಮನಿರಲೇಬೇಕು.

ವಿಷಯ ಇಷ್ಟು. ಬಂದರಿಗೆ ಹೊಸ ಕಂಪನಿ ಬಂದಿದೆ. ಇನ್ನು ಮುಂದೆ ಕ್ರೇನ್ ನಡೆಸುವವರು ನಾನಾ ದೇಶದಿಂದ ಬರುತ್ತಾರಂತೆ. ಅವರಿಗೂ ನಮಗೂ ಅರ್ಥವಾಗುವ ಒಂದೇ ಭಾಷೆ ಇಂಗ್ಲಿಷಂತೆ. ನನ್ನಂಥ ಸಿಗ್ನಲ್ ಮೇಸ್ತ್ರಿಗಳು ಕೈಸನ್ನೆ ಮಾಡಿದರೆ ಸಾಲದು, ವಾಕಿಟಾಕಿ ಹಿಡಿದು ಇಂಗ್ಲಿಷಿನಲ್ಲಿ ಹೇಳಬೇಕು. ಜುಲೈ ಕೊನೆಗೆ ಮಾತಿನ ಪರೀಕ್ಷೆ. ವ್ಯಾಕರಣಕ್ಕೆ ಇಷ್ಟು ಅಂಕ, ಮರ್ಯಾದೆಯ ಮಾತಿಗೆ ಇಷ್ಟು ಅಂಕ. ಪಾಸಾದವನು ಮೇಲೆ ನಿಲ್ಲುತ್ತಾನೆ. ಫೇಲಾದವನು ಹಡಗಿನ ಹೊಟ್ಟೆಯೊಳಗೆ ಇಳಿದು, ಕ್ರೇನು ಎತ್ತುವ ಸರಕಿಗೆ ಸರಪಳಿ ಕಟ್ಟಬೇಕು.

ಮೂವತ್ತೊಂದು ವರ್ಷದಿಂದ ನಾನು ಹಡಗಿನ ಬಾಯಿಯ ಅಂಚಿನಲ್ಲಿ ನಿಂತಿದ್ದೇನೆ. ಕ್ರೇನಿನವನು ಎಷ್ಟೇ ಎತ್ತರದಲ್ಲಿ ಕೂತರೂ ಅವನಿಗೆ ಹಡಗಿನ ಹೊಟ್ಟೆ ಕಾಣುವುದಿಲ್ಲ. ನಾನು ಎತ್ತು ಅಂದರೆ ಎತ್ತುತ್ತಾನೆ, ಇಳಿಸು ಅಂದರೆ ಇಳಿಸುತ್ತಾನೆ. ಅವನ ಕಣ್ಣು ನಾನು. ನನ್ನ ಲೋಡಿನ ಕೆಳಗೆ ಇವತ್ತಿನವರೆಗೆ ಒಬ್ಬನ ಉಗುರೂ ಮುರಿದಿಲ್ಲ. ಈಗ ಐವತ್ತನಾಲ್ಕರಲ್ಲಿ ನಾನು ಸರಪಳಿ ಕಟ್ಟಬೇಕೇ?

ಟೈರ್ ಅಂಗಡಿಯ ಮಹಡಿಯ ಮೇಲೆ ಸಂಜೆ ಕ್ಲಾಸು ನಡೆಯುತ್ತದೆ. ಒಂದು ದಿನ ಹೋಗಿ ಬಾಗಿಲಿನಿಂದಲೇ ವಾಪಸ್ಸು ಬಂದೆ. ಮುಂದಿನ ಬೆಂಚಿನಲ್ಲಿ ನಾನೇ ಕೆಲಸ ಕಲಿಸಿದ ಮೂವರು ಕೂತಿದ್ದರು. ಅವರ ಹಿಂದೆ ಕೂತು ನಾನು ಎ ಫಾರ್ ಆ್ಯಪಲ್ ಹೇಳಲಾರೆ.

ಕಲಿಸು ಅಂತ ನಾನು ಕೇಳುತ್ತಿಲ್ಲ. ತಿಳಿಸಿ ನೋಡಿ ಅಂತ ನಿನ್ನಮ್ಮ ಅಂದಳು, ತಿಳಿಸಿದ್ದೇನೆ. ಆಮೇಲೆ ನಿನ್ನಿಷ್ಟ.

ನಿನ್ನ ಅಪ್ಪ


ಫೆಬ್ರವರಿ 12

ಅಪ್ಪ,

ನಿಮ್ಮ ಕೈಬರಹ ನೋಡಿ ನಾಲ್ಕು ವರ್ಷವಾಗಿತ್ತು. ಲಕೋಟೆಯ ಮೇಲಿನ ವಿಳಾಸ ನೋಡಿದ ಕೂಡಲೇ ಗೊತ್ತಾಯಿತು, ಅಕ್ಷರಗಳೂ ನಿಮ್ಮ ಹಾಗೆಯೇ ಎದೆ ಸೆಟೆಸಿ ನಿಂತಿದ್ದವು.

ನೀವು ಕೇಳಿಲ್ಲ, ಸರಿ. ನಾನೂ ಒಪ್ಪಿಕೊಂಡಿಲ್ಲ. ಹೀಗೇ ಶುರುಮಾಡೋಣ, ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ಬಂದರಿನ ಕಚೇರಿಯಲ್ಲಿ ನೀವು ನನಗೆ ಹೇಳಿಟ್ಟಿದ್ದ ಕೆಲಸ ಬೇಡ, ಇಲ್ಲಿಗೆ ಬಂದು ಇಂಗ್ಲಿಷ್ ಕಲಿಸುತ್ತೇನೆ ಅಂದಾಗ ನೀವು ಕೇಳಿದ್ದು ಒಂದೇ ಮಾತು: "ಅದೂ ಒಂದು ಕೆಲಸಾನಾ?" ಅದಕ್ಕೆ ಈಗ ಉತ್ತರ ಕೊಡುತ್ತೇನೆ. ನನ್ನ ಕೋಣೆಯಲ್ಲಿ ಇಪ್ಪತ್ತೆರಡು ಕುರ್ಚಿ. ಟ್ಯಾಕ್ಸಿ ಓಡಿಸುವವರು, ಆಸ್ಪತ್ರೆಯ ದಾದಿಯರು, ಹೋಟೆಲಿನ ಬಾಗಿಲು ಕಾಯುವವರು, ಇಬ್ಬರು ಅಜ್ಜಿಯರು. ಮೊದಲ ದಿನ ಬಂದಾಗ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಾರೆ. ಮೂರು ತಿಂಗಳಿಗೆ ಕೈ ಕೆಳಗಿಳಿಯುತ್ತದೆ. ಆ ಕೈ ಇಳಿಸುವುದೇ ನನ್ನ ಕೆಲಸ. ಇಪ್ಪತ್ತಮೂರನೆಯ ಕುರ್ಚಿ ನಿಮ್ಮದು.

ಪಾಠ ಒಂದು, ಕೇಳಿಕೊಳ್ಳುವ ಮಾತು. ನಮ್ಮಲ್ಲಿ ಮರ್ಯಾದೆ ಮಾತಿನ ಬಾಲದಲ್ಲಿರುತ್ತದೆ: ಬಾ, ಬನ್ನಿ, ಕೊಡು, ಕೊಡಿ. ಇಂಗ್ಲಿಷಿನಲ್ಲಿ ಆ ಬಾಲವಿಲ್ಲ. ಮಗುವಿಗೂ 'ಯು', ಮಂತ್ರಿಗೂ 'ಯು'. ಅದಕ್ಕೇ ಮರ್ಯಾದೆಯನ್ನು ಮಾತಿನ ತಲೆಯ ಮೇಲೆ ಪೇಟದ ಹಾಗೆ ಸುತ್ತಬೇಕು. 'ಕುಡ್ ಯು ಪ್ಲೀಸ್' ಒಂದು ಸುತ್ತು, 'ವುಡ್ ಯು ಮೈಂಡ್' ಎರಡು ಸುತ್ತು. ದಿನಕ್ಕೆ ಐದು ಸಲ, ಉಸಿರಾಡುವ ಮನುಷ್ಯರ ಹತ್ತಿರ ಹೇಳಬೇಕು, ಗೋಡೆಗಲ್ಲ. ಯಾರಿಗೆ ಹೇಳಿದಿರಿ, ಅವರು ಏನಂದರು ಅಂತ ಬರೆಯಿರಿ. ವಾಕ್ಯ ಅರ್ಧಕ್ಕೆ ಬಿಟ್ಟರೆ ಕೆಂಪು ಶಾಯಿ.

ಅಮ್ಮನ ಮಂಡಿಗೆ ಬಿಸಿನೀರಿನ ಶಾಖ ಕೊಡಿ.

ನಿಮ್ಮ ಮಗಳು


ಮಾರ್ಚ್ 2

ಮಗಳೇ,

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಅಂತ ನಿನ್ನಮ್ಮ ನಕ್ಕಳು. ಬಗ್ಗಿದೆ ನೋಡು. ಹದಿನೈದು ದಿನದ ಲೆಕ್ಕ ಒಪ್ಪಿಸುತ್ತೇನೆ.

ಮೊದಲು ನಿನ್ನಮ್ಮನಿಗೇ ಹೇಳಿದೆ. ಕುಡ್ ಯು ಪ್ಲೀಸ್ ಗಿವ್ ಮಿ ಎ ಗ್ಲಾಸ್ ಆಫ್ ವಾಟರ್. ಅವಳು ನೀರು ಕೊಡುವ ಬದಲು ಹಣೆ ಮುಟ್ಟಿ ಜ್ವರ ಇದೆಯೇ ಅಂತ ನೋಡಿದಳು. ಆಮೇಲೆ ನೀರೂ ಕೊಟ್ಟಳು. ಮಾರನೆಯ ದಿನ ಅವಳೇ ನನಗೆ ವುಡ್ ಯು ಮೈಂಡ್ ಅಂದು ಕೈಯಲ್ಲಿ ಕಸದ ಬುಟ್ಟಿ ಇಟ್ಟಳು. ಪಾಠ ನನಗೋ ಅವಳಿಗೋ?

ಬಸ್ಸಿನ ಕಂಡಕ್ಟರಿಗೆ ಹೇಳಿದೆ. ಅವನು ಎದ್ದು ನಿಂತು ಪೂರಾ ಚಿಲ್ಲರೆ ಕೊಟ್ಟ. ಈ ಊರಿನಲ್ಲಿ ಅದು ಯಾರಿಗೂ ಸಿಗದ ಭಾಗ್ಯ. ಬಂದರಿನ ಗೇಟಿನವನಿಗೆ, ವುಡ್ ಯು ಮೈಂಡ್ ಓಪನಿಂಗ್ ದ ಗೇಟ್ ಅಂದೆ. ಅವನು ನೋ ಅಂದ. ಆಗಲಿ, ನಿನಗಷ್ಟು ಸೊಕ್ಕಿದ್ದರೆ ನನಗೂ ಇದೆ ಅಂತ ಅಲ್ಲೇ ನಿಂತೆ. ಐದು ನಿಮಿಷದ ಮೇಲೆ, ಗೇಟು ಆಗಲೇ ತೆಗೆದಿದ್ದೀನಲ್ಲ ಮೇಸ್ತ್ರಿ, ಒಳಗೆ ಯಾಕೆ ಹೋಗ್ತಿಲ್ಲ ಅಂತ ಕೇಳಿದ. ನೋ ಅಂದರೆ ಹೂಂ ಅಂತ ಅರ್ಥ ಅನ್ನುವುದನ್ನು ನೀನು ಮೊದಲೇ ಹೇಳಬೇಡವೇ?

ಒಂದು ದಿನ ಕೆಲಸದಲ್ಲೂ ಪ್ರಯೋಗ ಮಾಡಿದೆ. ಸರಿಹೋಗಲಿಲ್ಲ. ಅದು ಬಿಡು. ಮುಂದಿನ ಪಾಠ ಕಳಿಸು.

ನಿನ್ನ ಅಪ್ಪ

ಮರೀ, ನಾನು ಅಮ್ಮ. ಲಕೋಟೆ ಅಂಟಿಸು ಅಂತ ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋಗಿದ್ದಾರೆ. ಅವರು 'ಬಿಡು' ಅಂದದ್ದನ್ನು ನಾನು ಹೇಳ್ತೀನಿ. ಹೋದ ಗುರುವಾರ ಕಬ್ಬಿಣದ ಸರಳಿನ ಕಟ್ಟು ಇಳಿಸ್ತಿದ್ದರಂತೆ. ಕ್ರೇನಿನಲ್ಲಿ ಹೊಸಬ, ಬೇರೆ ದೇಶದವನು, ಮೂಗು ನೋಡಿ ಎಲ್ಲರೂ ಗಿಡುಗ ಅಂತಾರೆ. ಇವರು ವಾಕಿಟಾಕಿ ಹಿಡಿದು, ದಯವಿಟ್ಟು ಲೋಡನ್ನು ಸ್ವಲ್ಪ ನಿಧಾನವಾಗಿ ಇಳಿಸುವಿರಾ ಅಂತ ನೀನು ಹೇಳಿಕೊಟ್ಟ ಹಾಗೇ ಪೂರ್ತಿ ಹೇಳಿದ್ದಾರೆ. ಆ ಹುಡುಗ ಪಾಪ, ವಾಕ್ಯ ಮುಗೀಲಿ ಅಂತ ಕಾದಿದ್ದಾನೆ. 'ನಿಧಾನ' ಅನ್ನೋ ಮಾತು ಬರೋ ಹೊತ್ತಿಗೆ ಕಟ್ಟು ಅಂಚಿಗೆ ಬಡಿದು ಒಂದು ಸರಳು ಜಾರಿ, ಕೆಳಗೆ ನಿಂತವನಿಂದ ಒಂದು ಮಾರು ದೂರಕ್ಕೆ ಬಿತ್ತಂತೆ. ಯಾರಿಗೂ ಏನೂ ಆಗಿಲ್ಲ. ಇವರು ಮಾತ್ರ ಎರಡು ದಿನ ತಟ್ಟೆ ಮುಂದೆ ಕೂತು ಎದ್ದರು. ನಾನು ಹೇಳಿದೆ ಅಂತ ಹೇಳಬೇಡ.


ಮಾರ್ಚ್ 11

ಅಪ್ಪ,

ಗೇಟಿನವನ ಕಥೆ ತರಗತಿಯಲ್ಲಿ ಓದಿದೆ. ಅಜ್ಜಿಯರು ಕಣ್ಣೊರೆಸಿಕೊಂಡು ನಕ್ಕರು. ಆ 'ನೋ' ಬಗ್ಗೆ ಮೊದಲೇ ಹೇಳದಿದ್ದದ್ದು ನನ್ನ ತಪ್ಪು. 'ವುಡ್ ಯು ಮೈಂಡ್' ಅಂದರೆ 'ನಿಮಗೆ ಬೇಸರವೇ?' ಅಂತ, ಅದಕ್ಕೆ 'ಇಲ್ಲ' ಅನ್ನುವವನೇ ಬಾಗಿಲು ತೆಗೆಯುವವನು.

ಕೆಲಸದಲ್ಲಿ ಸರಿಹೋಗಲಿಲ್ಲ ಅಂದಿರಿ. ನಾನು ಜಾಸ್ತಿ ಕೇಳುವುದಿಲ್ಲ. ನಾಲಿಗೆ ಇನ್ನೂ ತಿರುಗಿಲ್ಲ, ಅಷ್ಟೇ. ಮನೆಯಲ್ಲಿ ಇನ್ನೂ ಹೆಚ್ಚು ಹೇಳಿ, ವೇಗ ಬಂದರೆ ಎಲ್ಲ ಸರಿಹೋಗುತ್ತದೆ. ಅಲ್ಲಿಯವರೆಗೆ ದಯವಿಟ್ಟು ಹಳೆಯ ಕೈಸನ್ನೆಯಲ್ಲೇ ಕೆಲಸ ಮಾಡಿ.

ಹತ್ತರವರೆಗಿನ ಪಾಠಗಳು ಇದೇ ಲಕೋಟೆಯಲ್ಲಿವೆ. ನಿಮ್ಮ ಕಂಪನಿಯ ಮಾದರಿ ಪ್ರಶ್ನೆಪತ್ರಿಕೆ ತರಿಸಿಕೊಂಡೆ. ಪರಿಚಯ, ಕ್ಷಮೆ ಕೇಳುವುದು, ಧನ್ಯವಾದ, ದೂರು ಹೇಳುವುದು, ಎಲ್ಲ ನಿಮಗೆ ಬಂದೇ ಬರುತ್ತದೆ. ಕೊನೆಯ ಪ್ರಶ್ನೆಗೆ ಇಪ್ಪತ್ತು ಅಂಕ. 'ನೀವು ಲೋಡು ಎತ್ತಿಸುತ್ತಿದ್ದೀರಿ. ಬಂದರು ನೋಡಲು ಬಂದ ಅಧಿಕಾರಿ ಒಬ್ಬರು ಲೋಡಿನ ಕೆಳಕ್ಕೆ ನಡೆದು ಬರುತ್ತಿದ್ದಾರೆ. ಪಕ್ಕಕ್ಕೆ ಸರಿಯುವಂತೆ ಅವರನ್ನು ವಿನಯದಿಂದ ಕೇಳಿಕೊಳ್ಳಿ.' ಉತ್ತರ ಇಲ್ಲಿದೆ, ಬಾಯಿಪಾಠ ಮಾಡಿ: ಎಕ್ಸ್‌ಕ್ಯೂಸ್ ಮಿ, ಸರ್, ವುಡ್ ಯು ಮೈಂಡ್ ಸ್ಟೆಪ್ಪಿಂಗ್ ಅಸೈಡ್, ಪ್ಲೀಸ್? ಒಂದು ಪದ ಬಿಟ್ಟರೂ ಅಂಕ ಹೋಗುತ್ತದೆ. ನನ್ನ ತರಗತಿಯಿಂದ ಇಲ್ಲಿಯವರೆಗೆ ಯಾರೂ ಫೇಲಾಗಿಲ್ಲ, ಅಪ್ಪ. ನೀವು ಆ ದಾಖಲೆ ಮುರಿಯಬೇಡಿ.

ನಿಮ್ಮ ಮಗಳು


ಮಾರ್ಚ್ 20

ಮಗಳೇ,

ನಿನ್ನಮ್ಮ ಬರೆದದ್ದು ನನಗೆ ಗೊತ್ತು. ಲಕೋಟೆ ಅಂಟಿಸಲು ಅರ್ಧ ಗಂಟೆ ಬೇಕಾಗಿಲ್ಲ.

ನಾಲಿಗೆ ತಿರುಗಿಲ್ಲ ಅಂತ ಬರೆದೆಯಲ್ಲ, ಅದಕ್ಕೆ ನನಗೆ ಕೋಪ ಬಂತು. ನನ್ನ ನಾಲಿಗೆ ಚೆನ್ನಾಗಿಯೇ ತಿರುಗಿತು. ಪೂರ್ತಿ ವಾಕ್ಯ, ತಪ್ಪಿಲ್ಲದೆ, ಪ್ಲೀಸ್ ಸಮೇತ. ಅದಕ್ಕೇ ಆ ಸರಳು ಬಿದ್ದದ್ದು.

ನೀನು ಕಳಿಸಿದ ಉತ್ತರವನ್ನು ಗಡಿಯಾರ ಹಿಡಿದು ಹೇಳಿ ನೋಡಿದೆ. ನಾಲ್ಕು ಸೆಕೆಂಡು. ನಾಲ್ಕು ಸೆಕೆಂಡಿನಲ್ಲಿ ಮನುಷ್ಯ ಆರು ಹೆಜ್ಜೆ ಇಡುತ್ತಾನೆ. ಆರನೆಯ ಹೆಜ್ಜೆಗೆ ಅವನು ಲೋಡಿನ ಕೆಳಗಿರುತ್ತಾನೆ. ಪ್ಲೀಸ್ ಅನ್ನುವುದು ಬದುಕಿರುವವರಿಗೆ ಹೇಳುವ ಮಾತು.

ನಿನಗೆ ನನ್ನ ಕೆಲಸ ಗೊತ್ತಿಲ್ಲ, ತಪ್ಪು ನನ್ನದೇ, ಮನೆಯಲ್ಲಿ ಯಾವತ್ತೂ ಹೇಳಿದವನಲ್ಲ. ಈಗ ಕೇಳು. ನಾನು ಸೇರಿದ ಮೊದಲನೆಯ ವಾರ ನನಗೆ ಕಲಿಸಿದ ದೊಡ್ಡ ಮೇಸ್ತ್ರಿ ಒಂದೇ ಒಂದು ಪಾಠ ಹೇಳಿದರು. "ಲೋಡು ಗಾಳೀಲಿರೋವಾಗ ಯಾರಿಗೂ ಮರ್ಯಾದೆ ಇಲ್ಲ. ನೆಲ ಮುಟ್ಟಿದ ಮೇಲೆ ಬೇಕಾದ್ರೆ ಕಾಲಿಗೆ ಬೀಳು." ಲೋಡು ಮೇಲೆದ್ದ ಮೇಲೆ, ಹಡಗು ಕಟ್ಟುವ ದಕ್ಕೆಯಲ್ಲಿ ಒಂದೇ ದನಿ, ಒಂದೊಂದೇ ಮಾತು. ಎತ್ತು. ಇಳಿಸು. ನಿಲ್ಲು. ನಿಲ್ಲು ಅಂದರೆ ಕ್ರೇನು ಒಂದೇ ಅಲ್ಲ, ಲಾರಿಯವನು ನಿಲ್ಲುತ್ತಾನೆ, ಕ್ಯಾಪ್ಟನ್ ನಿಲ್ಲುತ್ತಾನೆ, ಹಡಗಿನ ಯಜಮಾನನಿದ್ದರೆ ಅವನೂ ನಿಲ್ಲುತ್ತಾನೆ. ಯಾಕೆ ಅಂತ ಆಮೇಲೆ ಕೇಳಬಹುದು. ನಿಂತಲ್ಲೇ ನಿಂತವನಿಗೆ ಮಾತ್ರ ಆಮೇಲೆ ಅನ್ನುವುದಿರುತ್ತದೆ.

ನೀನೇ ಹೇಳಿದೆ, ಇಂಗ್ಲಿಷಿನ ಮರ್ಯಾದೆ ಮುಂದೆ ಬಂದು ನಿಲ್ಲುತ್ತದೆ ಅಂತ. ಹಾಗಾದರೆ ಕೆಲಸದ ಮಾತು ಹಿಂದೆ ಉಳಿಯುತ್ತದೆ. ಅಂಗಡಿಯಲ್ಲಿ ಇರಲಿ, ಬಸ್ಸಿನಲ್ಲಿ ಇರಲಿ, ಅಲ್ಲೆಲ್ಲ ನಾನು ಹೇಳುತ್ತೇನೆ, ಹೇಳುವುದು ನನಗೆ ಇಷ್ಟವೂ ಆಗಿದೆ. ಆ ಒಂದು ಉತ್ತರ ಮಾತ್ರ ನಾನು ಬಾಯಿಪಾಠ ಮಾಡುವುದಿಲ್ಲ. ಕೆಂಪು ಶಾಯಿ ಎಷ್ಟು ಬೇಕಾದರೂ ಸುರಿದುಕೋ.

ಅಪ್ಪ


ಏಪ್ರಿಲ್ 29

ಅಪ್ಪ,

ಐದು ವಾರ ಬರೆಯಲಿಲ್ಲ. ಕೋಪವಿತ್ತು, ಮೊದಲ ಎರಡು ವಾರ. ಆಮೇಲಿನ ಮೂರು ವಾರ ನಾಚಿಕೆ.

ನಿಮ್ಮ ಕಾಗದ ಓದಿ, ಇವರಿಗೆ ಎಲ್ಲದಕ್ಕೂ ಹಟ ಅಂದುಕೊಂಡೆ. ಆದರೂ ಸುಮ್ಮನಿರಲು ಆಗಲಿಲ್ಲ. ತರಗತಿಯಲ್ಲಿ ಮೇಜು ಕುರ್ಚಿ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದೆ. ಅದೇ ಲೋಡಿನ ನೆರಳು. ಟ್ಯಾಕ್ಸಿಯವನೊಬ್ಬ ಅಧಿಕಾರಿಯಾಗಿ ಮಾಮೂಲಿನಂತೆ ನಡೆದು ಬಂದ. ನನ್ನ ತರಗತಿಯಲ್ಲಿ ಎಲ್ಲರಿಗಿಂತ ವೇಗವಾಗಿ ಮಾತಾಡುವ ದಾದಿ ನಾನು ಬರೆದ ವಾಕ್ಯ ಹೇಳಿದಳು. 'ಸ್ಟೆಪ್ಪಿಂಗ್' ಅನ್ನುವಷ್ಟರಲ್ಲಿ ಅವನು ಚೌಕದೊಳಗಿದ್ದ. ಮೂರು ಸಲ ಮಾಡಿಸಿದೆ, ಮೂರು ಸಲವೂ ಒಳಗೆ. ಅಜ್ಜಿಯೊಬ್ಬರು, "ಅಯ್ಯೋ, ಇವನನ್ನ ಎಷ್ಟು ಸಲ ಸಾಯಿಸ್ತೀರಮ್ಮ" ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಮ್ಮ ಬರೆದಿದ್ದ ಆ ಒಂದು ಮಾರು ದೂರ ಕಣ್ಣ ಮುಂದೆ ಬಂತು. ಆವತ್ತಿನ ವಾಕ್ಯವೂ ನಾನು ಹೇಳಿಕೊಟ್ಟದ್ದೇ.

ನೀವು ಹೇಳಿದ್ದೇ ಸರಿ, ಅಪ್ಪ. ಆದರೆ ಅಂಕ ಹಾಕುವವರು ಬಂದರಿನಲ್ಲಿ ನಿಲ್ಲುವವರಲ್ಲ, ಕಾಗದ ನೋಡಿ ಹಾಕುವವರು. ಇಪ್ಪತ್ತು ಅಂಕ ಬಿಟ್ಟರೆ ನೀವು ಪಾಸಾಗುವುದು ಕಷ್ಟ. ನೀವು ಸರಪಳಿ ಕಟ್ಟುವುದನ್ನು ನಾನು ಕಲ್ಪಿಸಿಕೊಳ್ಳಲಾರೆ. ಒಂದೇ ಒಂದು ದಿನ, ಫ್ಯಾನಿನ ಕೆಳಗೆ ಕೂತು, ಇಲ್ಲದ ಲೋಡಿನ ಮುಂದೆ ಇಲ್ಲದ ಅಧಿಕಾರಿಗೆ ಆ ಸುಳ್ಳು ಹೇಳಿಬಿಡಿ. ಪಾಸಾಗಿ. ಮಾರನೆಯ ದಿನದಿಂದ ಮತ್ತೆ ನಿಮ್ಮ ಹಾಗೆಯೇ ಕೂಗಿ. ನನಗೋಸ್ಕರ ಅಂತ ನಾನು ಯಾವತ್ತೂ ಏನೂ ಕೇಳಿಲ್ಲ. ಇದನ್ನು ಕೇಳುತ್ತಿದ್ದೇನೆ.

ನಿಮ್ಮ ಮಗಳು


ಮೇ 9

ಮಗಳೇ,

ಕಾಗದ ತಲುಪಿತು. ಒಂಬತ್ತು ಮತ್ತು ಹತ್ತನೆಯ ಪಾಠ ಮುಗಿಸಿ ಇದರ ಜೊತೆ ಇಟ್ಟಿದ್ದೇನೆ. ಹ್ಯಾಡ್ ಬೀನ್ ಅನ್ನುವುದು ಯಾಕಿದೆ ಅಂತ ಇನ್ನೂ ಗೊತ್ತಾಗಿಲ್ಲ, ಆದರೆ ಎಲ್ಲಿ ಹಾಕಬೇಕೋ ಅಲ್ಲಿ ಹಾಕಿದ್ದೇನೆ. ಗಿಡುಗ ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ಹತ್ತಿರ ಕೂತು ಇಂಗ್ಲಿಷ್ ಮಾತಾಡುತ್ತಾನೆ. ಅವನಿಗೂ ನನ್ನಷ್ಟೇ ಬರುತ್ತದೆ, ಅದಕ್ಕೇ ಚೆನ್ನಾಗಿ ಅರ್ಥವಾಗುತ್ತದೆ. ಅವನಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ಫೋಟೋ ತೋರಿಸಿದ.

ನೀನು ಕೇಳಿದ್ದರ ಬಗ್ಗೆ ಯೋಚಿಸುತ್ತಿದ್ದೇನೆ. ಇಲ್ಲ ಅಂತ ಬರೆಯಲು ಕೈ ಬರುತ್ತಿಲ್ಲ. ಹೂಂ ಅಂತಲೂ ಬರುತ್ತಿಲ್ಲ.

ಅಪ್ಪ


ಜುಲೈ 30

ಮಗಳೇ,

ಫೇಲಾದೆ. ನಾಲ್ಕು ಅಂಕಕ್ಕೆ. ನಿನ್ನ ದಾಖಲೆ ಮುರಿದೆ, ಅದಕ್ಕೆ ಬೇಜಾರಿದೆ. ಬೇರೆ ಯಾವುದಕ್ಕೂ ಇಲ್ಲ.

ಕಂಪನಿಯ ಎರಡನೆಯ ಮಹಡಿಯಲ್ಲಿ ಪರೀಕ್ಷೆ. ಗಾಜಿನ ಕೋಣೆ, ಉದ್ದ ಮೇಜು, ಆ ಕಡೆ ಕನ್ನಡಕದ ಪರೀಕ್ಷಕಿ ಮೇಡಂ. ಒಳಗೆ ಹೋಗುತ್ತಲೇ ಗುಡ್ ಮಾರ್ನಿಂಗ್, ಮೇ ಐ ಸಿಟ್ ಡೌನ್ ಅಂದೆ. ಪರಿಚಯ ಹೇಳಿದೆ. ತಡವಾಗಿ ಬಂದದ್ದಕ್ಕೆ ಕ್ಷಮೆ ಕೇಳುವುದು, ಕುರ್ಚಿ ಕೊಟ್ಟು ಉಪಚರಿಸುವುದು, ದೂರು ಹೇಳಿಯೂ ಜಗಳವಾಡದಿರುವುದು, ಎಲ್ಲ ನೀರು ಕುಡಿದ ಹಾಗೆ ಹೇಳಿದೆ. ನನ್ನ ಜೀವಮಾನದಲ್ಲಿ ನಾನು ಅಷ್ಟು ಸಭ್ಯನಾಗಿದ್ದುದೇ ಇಲ್ಲ. ಮೇಡಂ ನಕ್ಕರು.

ಆಮೇಲೆ ಆ ಪ್ರಶ್ನೆ. ಲೋಡು ಮೇಲಿದೆ, ನಾನೇ ಆ ಅಧಿಕಾರಿ, ನಡೆದು ಬರುತ್ತಿದ್ದೇನೆ ಅಂದರು. ನೀನು ಬರೆದದ್ದು ನೆನಪಿತ್ತು. ಎಕ್ಸ್‌ಕ್ಯೂಸ್ ಅಂತ ಬಾಯಿ ತೆರೆದೆ, ನಿಜವಾಗಿ ತೆರೆದೆ, ನಿನಗೋಸ್ಕರ. ಆದರೆ ಅವರು ನಡೆದು ಬರುತ್ತಿದ್ದೇನೆ ಅಂದಾಗಲೇ ನನ್ನ ಕಣ್ಣಿಗೆ ಲೋಡು ಬಂದುಬಿಟ್ಟಿತ್ತು. ಎದ್ದು ನಿಂತು ಕೈ ಎತ್ತಿ ಸ್ಟಾಪ್ ಅಂತ ಕೂಗಿದೆ. ಗಾಜು ಅದುರಿತು. ಹೊರಗೆ ಟೀ ತರುತ್ತಿದ್ದವರು ಟ್ರೇ ಹಿಡಿದುಕೊಂಡು ನಿಂತಲ್ಲೇ ನಿಂತರು. ಆಮೇಲೆ ನಾನು ಕೂತು, ಈಗ ಲೋಡು ಕೆಳಗಿಳಿಯಿತು ಮೇಡಂ, ಕೂಗಿದ್ದಕ್ಕೆ ಕ್ಷಮಿಸಿ, ದಯವಿಟ್ಟು ಆ ಕಡೆಯಿಂದ ನಡೆಯುವಿರಾ ಅಂತ ಇಂಗ್ಲಿಷಿನಲ್ಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ನನಗೆ ಅರ್ಥವಾಗುತ್ತದೆ, ಆದರೆ ಕಾಗದದಲ್ಲಿ ಬರೆದ ಉತ್ತರಕ್ಕೆ ಮಾತ್ರ ಅಂಕ ಹಾಕಬಹುದು ಅಂದರು. ಸೊನ್ನೆ.

ಸೋಮವಾರದಿಂದ ಹಡಗಿನ ಹೊಟ್ಟೆಯಲ್ಲಿ ಕೆಲಸ. ಅಕ್ಟೋಬರಿನಲ್ಲಿ ಇನ್ನೊಂದು ಅವಕಾಶವಿದೆಯಂತೆ. ನಿನ್ನಮ್ಮ ಅಳಲಿಲ್ಲ. ನಾನು ಎಲ್ಲ ಹೇಳಿದ ಮೇಲೆ, ಅವಳು ಎದ್ದು ಹೋಗಿ ನನ್ನ ಅಂಗಿಗೆ ಇಸ್ತ್ರಿ ಹಾಕಿದಳು. ಸರಪಳಿ ಕಟ್ಟಲು ಹೋಗುವವನಿಗೆ ಇಸ್ತ್ರಿ ಯಾಕೆ ಅಂದೆ. ತಲೆ ಎತ್ತಿಕೊಂಡು ಹೋಗೋಕೆ ಅಂದಳು.

ನಿನ್ನ ಅಪ್ಪ


ಆಗಸ್ಟ್ 8

ಅಪ್ಪ,

ಸುಳ್ಳು ಹೇಳಿ ಅಂದಿದ್ದೆನಲ್ಲ, ಆ ಕಾಗದವನ್ನು ಹರಿದು ಹಾಕಿ. ನಿಮ್ಮ ಜುಲೈ ಮೂವತ್ತರ ಕಾಗದವನ್ನು ನಾನು ತರಗತಿಯಲ್ಲಿ ಪೂರ್ತಿ ಓದಿದೆ. 'ಸ್ಟಾಪ್' ಅನ್ನುವಲ್ಲಿ ನೀವು ಕೂಗಿದ ಹಾಗೇ ಕೂಗಿದೆ. ಯಾರಿವರು ಅಂತ ದಾದಿ ಕೇಳಿದಳು. ಇಷ್ಟು ದಿನ ನಾನು 'ಒಬ್ಬ ವಿದ್ಯಾರ್ಥಿ' ಅಂತಲೇ ಹೇಳುತ್ತಿದ್ದೆ. ನನ್ನ ಅಪ್ಪ ಅಂದೆ. ಇಪ್ಪತ್ತೆರಡು ಜನವೂ ಎದ್ದು ನಿಂತರು. ನಾನು ಹೇಳಿಕೊಟ್ಟದ್ದಲ್ಲ.

ನನ್ನ ಪಾಠದ ಕ್ರಮವನ್ನೂ ಬದಲಾಯಿಸಿದ್ದೇನೆ. ಎಲ್ಲೆಲ್ಲಿ ಪ್ಲೀಸ್ ಹೇಳಬೇಕು ಅನ್ನುವುದಕ್ಕೆ ಮೊದಲು ಎಲ್ಲಿ ಹೇಳಬಾರದು ಅನ್ನುವ ಪಾಠ. ಬೆಂಕಿ ಬಿದ್ದಾಗ, ಮಗು ರಸ್ತೆಗೆ ಓಡಿದಾಗ, ಲೋಡು ಗಾಳಿಯಲ್ಲಿರುವಾಗ. ಇಷ್ಟು ವರ್ಷ ಈ ಪಾಠ ನನ್ನ ಹತ್ತಿರ ಇರಲಿಲ್ಲ.

ಇನ್ನೊಂದು. ನಿಮ್ಮನ್ನು ಕೇಳದೆ ಪರೀಕ್ಷಕಿಯವರಿಗೆ ಬರೆದಿದ್ದೇನೆ. ಅಂಕ ಹೆಚ್ಚಿಸಿ ಅಂತಲ್ಲ, ಹೆದರಬೇಡಿ. ಕಾಗದ ಬರೆದು ತಪ್ಪು ಉತ್ತರ ಹೇಳಿಕೊಟ್ಟ ಮೇಡಂ ನಾನೇ, ನನ್ನ ವಿದ್ಯಾರ್ಥಿ ಅದನ್ನು ಹೇಳಲು ನಿರಾಕರಿಸಿದ್ದಾರೆ ಅಂತ ಬರೆದೆ. ಅಕ್ಟೋಬರಿನ ಪರೀಕ್ಷೆಯನ್ನು ಗಾಜಿನ ಕೋಣೆಯಲ್ಲಿ ಮಾಡಬೇಡಿ, ದಕ್ಕೆಯ ಮೇಲೆ, ನಿಜವಾದ ಲೋಡಿನ ಹತ್ತಿರ ನಿಂತು ಅದೇ ಪ್ರಶ್ನೆ ಕೇಳಿ ಅಂತ ಕೇಳಿಕೊಂಡೆ. ಬೈಯುವುದಿದ್ದರೆ ಪೂರ್ತಿ ವಾಕ್ಯದಲ್ಲಿ ಬೈಯಿರಿ.

ನಿಮ್ಮ ಮಗಳು


ಸೆಪ್ಟೆಂಬರ್ 20

ಮಗಳೇ,

ಬೈಯಬೇಕು ಅಂತಲೇ ಕೂತೆ, ಆಗಲಿಲ್ಲ.

ಏಳು ವಾರದಿಂದ ಕೆಳಗಿದ್ದೇನೆ. ಕೆಳಗಿನಿಂದ ನೋಡಿದರೆ ಆಕಾಶ ಒಂದು ಚೌಕ ಮಾತ್ರ. ಆ ಚೌಕದಲ್ಲಿ ಲೋಡು ಬರುತ್ತದೆ, ಮೇಲೆ ಇನ್ನೊಬ್ಬನ ದನಿ ಕೇಳುತ್ತದೆ. ನಾನೇ ಕಲಿಸಿದವನು, ಪರೀಕ್ಷೆ ಪಾಸಾದವನು. ಮೊದಲ ವಾರ ಅವನು ಕುಡ್ ಯು ಪ್ಲೀಸ್ ಅಂತ ಶುರುಮಾಡಿದಾಗ ನಾವು ಆರು ಜನ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದೆವು. ನನಗೆ ಹೆದರಿಕೆಯಾಯಿತು, ಬರೆಯಲು ನಾಚಿಕೆಯಿಲ್ಲ. ಮೂವತ್ತೊಂದು ವರ್ಷ ನನ್ನ ಕೆಳಗೆ ನಿಂತವರು ನನ್ನನ್ನು ಎಷ್ಟು ನಂಬಿದ್ದರು ಅಂತ ಈಗ ಗೊತ್ತಾಗುತ್ತಿದೆ. ಒಂದು ದಿನ ಊಟಕ್ಕೆ ಅವನ ಪಕ್ಕ ಕೂತು, ಲೋಡು ಮೇಲಿದ್ದಾಗ ಅಷ್ಟುದ್ದ ಬೇಡಪ್ಪ ಅಂದೆ. ಕಂಪನಿಯವರು ಕೇಳಿಸಿಕೊಂಡರೆ ಅಂಕ ಹೋಗುತ್ತದೆ ಮೇಸ್ತ್ರಿ ಅಂದ. ಅಂಕ ನನ್ನದು ಆಗಲೇ ಹೋಗಿದೆ, ತಲೆ ಉಳಿಸು ಅಂದೆ. ಈಗ ಒಂದೊಂದೇ ಮಾತು ಹೇಳುತ್ತಾನೆ.

ನನಗೆ ನನ್ನ ಜಾಗ ವಾಪಸ್ಸು ಬೇಕು, ಮಗಳೇ. ಮೊದಲು ಗತ್ತಿಗೆ ಬೇಕಿತ್ತು, ಈಗ ಕೆಳಗಿರುವ ಈ ಐದು ಜನಕ್ಕಾಗಿ ಬೇಕು. ಪಾಠ ಹದಿನಾರು ಕಳಿಸು.

ಅಪ್ಪ


ಅಕ್ಟೋಬರ್ 17

ಮಗಳೇ,

ಪಾಸು. ಎಂಬತ್ತೊಂದು ಅಂಕ. ಮೊದಲು ಅದನ್ನು ಓದಿಕೊಂಡು ಒಂದು ಲೋಟ ನೀರು ಕುಡಿ, ಆಮೇಲೆ ಮುಂದಕ್ಕೆ ಓದು.

ನಿನ್ನ ಮಾತು ನಡೆಯಿತು. ಪರೀಕ್ಷೆ ದಕ್ಕೆಯ ಮೇಲೆಯೇ ಇಟ್ಟಿದ್ದರು. ವ್ಯಾಕರಣ, ಕ್ಷಮೆ, ಧನ್ಯವಾದ ಎಲ್ಲ ಬೆಳಿಗ್ಗೆಯೇ ಮುಗಿಯಿತು. ಹನ್ನೊಂದು ಗಂಟೆಗೆ ಒಂದು ದೊಡ್ಡ ಯಂತ್ರದ ಪೆಟ್ಟಿಗೆಯನ್ನು ಹಡಗಿನಿಂದ ಎತ್ತಿ ದಕ್ಕೆಗೆ ಇಳಿಸುವುದಿತ್ತು. ಆ ಒಂದು ಲೋಡಿಗೆ ನನಗೆ ವಾಕಿಟಾಕಿ ಕೊಟ್ಟರು. ಕ್ರೇನಿನಲ್ಲಿ ಗಿಡುಗ. ಎರಡೂವರೆ ತಿಂಗಳ ಮೇಲೆ ಅಂಚಿನಲ್ಲಿ ನಿಂತೆ. ನಿನಗೆ ಹೇಗೆ ಹೇಳಲಿ, ನನ್ನ ಕಾಲಿಗೆ ಆ ಜಾಗ ನೆನಪಿತ್ತು.

ಪೆಟ್ಟಿಗೆ ಎದ್ದಿತು, ತಿರುಗಿತು, ದಕ್ಕೆಯ ಕಡೆ ಬಂತು. ಆಗ ಗೋದಾಮಿನ ಕಡೆಯಿಂದ ಪರೀಕ್ಷಕಿ ಮೇಡಂ ಮತ್ತು ಬಿಳಿ ಹೆಲ್ಮೆಟ್ಟಿನ ಇಬ್ಬರು ಅಧಿಕಾರಿಗಳು ಮಾತಾಡಿಕೊಂಡು ನೇರ ಪೆಟ್ಟಿಗೆಯ ದಾರಿಗೇ ನಡೆದುಬಂದರು. ಅದು ಪರೀಕ್ಷೆಯ ನಾಟಕವೋ, ಮೈಮರೆತು ಬಂದದ್ದೋ ನನಗೆ ಗೊತ್ತಿಲ್ಲ. ಆಮೇಲೂ ಕೇಳಲಿಲ್ಲ.

ಸ್ಟಾಪ್ ಅಂದೆ.

ಕ್ರೇನು ನಿಂತಿತು. ಗೋದಾಮಿನ ಮುಂದೆ ಹಿಂದಕ್ಕೆ ಬರುತ್ತಿದ್ದ ಲಾರಿ ನಿಂತಿತು. ಸರಪಳಿ ಕಟ್ಟುವವರು, ಬಣ್ಣ ಬಳಿಯುವವರು, ಹಡಗಿನ ಮೇಲಿನವರು, ಎಲ್ಲರೂ ಇದ್ದಲ್ಲೇ ನಿಂತರು. ಇಬ್ಬರು ಅಧಿಕಾರಿಗಳೂ ನಿಂತರು, ಒಬ್ಬರ ಕಾಲು ಇನ್ನೂ ಮೇಲೆಯೇ ಇತ್ತು. ಮೇಡಂ ಮಾತ್ರ ಯಾರಿಗೋ ಹೇಳುತ್ತಿದ್ದಾನೆ ಅಂದುಕೊಂಡು ಇನ್ನೆರಡು ಹೆಜ್ಜೆ ಇಟ್ಟರು. ಆಮೇಲೆ ಸುತ್ತ ನೋಡಿದರು. ಇಡೀ ಬಂದರಿನಲ್ಲಿ ಅಲ್ಲಾಡುತ್ತಿರುವುದು ತಾವೊಬ್ಬರೇ ಅಂತ ಗೊತ್ತಾಗಿ ನಿಂತರು. ಪೆಟ್ಟಿಗೆ ಅವರಿಂದ ಹತ್ತು ಹೆಜ್ಜೆ ಆಚೆ ತೂಗುತ್ತಿತ್ತು.

ಈಗ ನನಗೆ ನಾಲ್ಕು ಸೆಕೆಂಡು ಇತ್ತು. ನಾಲ್ಕಲ್ಲ, ನಲವತ್ತೂ ಇತ್ತು. ವಾಕಿಟಾಕಿಯಲ್ಲಿ, ಒಂದು ಪದವೂ ಬಿಡದೆ, ಎಕ್ಸ್‌ಕ್ಯೂಸ್ ಮಿ, ಮೇಡಂ, ವುಡ್ ಯು ಮೈಂಡ್ ಸ್ಟೆಪ್ಪಿಂಗ್ ಬ್ಯಾಕ್, ಪ್ಲೀಸ್? ಟೇಕ್ ಯುವರ್ ಟೈಮ್ ಅಂದೆ. ಬಿಳಿ ಹೆಲ್ಮೆಟ್ಟಿನವರ ಕೈಯಲ್ಲೂ ವಾಕಿಟಾಕಿ ಇತ್ತು, ಲಾರಿಯಲ್ಲೂ ಇತ್ತು, ಹಾಗಾಗಿ ನನ್ನ ಮರ್ಯಾದೆ ನಾಲ್ಕೂ ದಿಕ್ಕಿನಿಂದ ಕೇಳಿಸಿತು. ಮೂವರೂ ಹಿಂದಕ್ಕೆ ಹೋಗಿ ಹಳದಿ ಗೆರೆಯ ಆಚೆ ನಿಂತರು. ಮೇಡಂ ಪಕ್ಕದವರ ಕೈಯಿಂದ ವಾಕಿಟಾಕಿ ತೆಗೆದುಕೊಂಡು, ಅಲ್ಲಿಂದಲೇ ಇಂಗ್ಲಿಷಿನಲ್ಲಿ ಕೇಳಿದರು: ನಿಮಗೆ ಕಾಗದ ಬರೆದು ಇಂಗ್ಲಿಷ್ ಕಲಿಸಿದವರು ಯಾರು? ನೀನು ಅವರಿಗೆ ಬರೆದಾಗ ನಾನು ನಿನಗೆ ಏನಾಗಬೇಕು ಅಂತ ಹೇಳಿರಲಿಲ್ಲ ಅಂತ ಕಾಣುತ್ತದೆ.

ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ನಾಲ್ಕು ವರ್ಷದಿಂದ ಈ ದಕ್ಕೆಯಲ್ಲಿ ಯಾರು ಕೇಳಿದರೂ, ನನ್ನ ಮಗಳು ಯಾವುದೋ ದೊಡ್ಡ ಆಫೀಸಿನಲ್ಲಿದ್ದಾಳೆ ಅಂತ ಹೇಳಿಕೊಂಡು ಬಂದಿದ್ದೆ. ಮಾತು ಕಲಿಸುತ್ತಾಳೆ ಅನ್ನಲು ನನಗೆ ಕಡಿಮೆ ಅನ್ನಿಸುತ್ತಿತ್ತು. ನಿನಗೆ ಇದು ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿದ್ದರೂ ನೀನು ಬರೆಯುವವಳಲ್ಲ.

ದಾರಿ ಖಾಲಿಯಾಗಿತ್ತು. ನಾನು ಆ ಕ್ಷಣವೇ ಪೆಟ್ಟಿಗೆ ಇಳಿಸಬೇಕಿತ್ತು, ಉತ್ತರ ಆಮೇಲೆ ಹೇಳಬಹುದಿತ್ತು. ಮೂವತ್ತೊಂದು ವರ್ಷದಲ್ಲಿ ನಾನು ಕಾರಣವಿಲ್ಲದೆ ಒಂದು ಲೋಡನ್ನೂ ಗಾಳಿಯಲ್ಲಿ ನಿಲ್ಲಿಸಿದವನಲ್ಲ. ಆವತ್ತು ನಿಲ್ಲಿಸಿದೆ. ನಾನು ಇಳಿಸು ಅನ್ನುವವರೆಗೆ ಯಾರೂ ಕದಲುವ ಹಾಗಿಲ್ಲ, ಒಂದು ಯಂತ್ರವೂ ಸದ್ದು ಮಾಡುವ ಹಾಗಿಲ್ಲ. ವಾಕಿಟಾಕಿಯ ಗುಂಡಿ ಒತ್ತಿ ಹಿಡಿದು, ಮೈ ಡಾಟರ್ ಟಾಟ್ ಮಿ, ಮೇಡಂ, ಶಿ ಈಸ್ ಆ್ಯನ್ ಇಂಗ್ಲಿಷ್ ಟೀಚರ್ ಅಂದೆ. ಲಾರಿಯವನಿಗೂ ಬಣ್ಣದವರಿಗೂ ಅರ್ಥವಾಗಲಿ ಅಂತ ನಮ್ಮ ಮಾತಿನಲ್ಲೂ ಇನ್ನೊಂದು ಸಲ ಹೇಳಿದೆ. "ಕಲಿಸಿದ್ದು ನನ್ನ ಮಗಳು. ಅವಳು ಇಂಗ್ಲಿಷ್ ಮೇಡಂ."

ಎಲ್ಲರಿಗೂ ಕೇಳಿಸಿದೆ ಅನ್ನುವುದು ಖಾತ್ರಿಯಾದ ಮೇಲೆ ಪೆಟ್ಟಿಗೆ ಇಳಿಸಿದೆ.

ನಿನ್ನ ಅಪ್ಪ